ಕಾಯಿಲೆ ರಜೆ: ಕೋಲಾರದ ನೆಲ ಕಲಿಸಿದ ಪಾಠ



"ಈಗಿನ ನೌಕರರು ಮೈಗಳ್ಳರು, ತಲೆನೋವು ಬಂದರೂ ರಜೆ ಹಾಕುತ್ತಾರೆ" ಎಂಬ ಮಾತನ್ನು ನೀವೂ ಕೇಳಿರಬಹುದು. ಕಾಯಿಲೆ ರಜೆ ಹೆಚ್ಚುವುದಕ್ಕೆ ಕಾರಣ ನೌಕರನ ಸ್ವಭಾವವೋ, ಅವನು ದುಡಿಯುವ ಜಾಗವೋ? ಕೋಲಾರ ಜಿಲ್ಲೆಯ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ.

ಬ್ರಿಟನ್ನಿನ ಜಾನ್ ಟೇಲರ್ ಕಂಪನಿಯು 1880ರಿಂದ ಕೋಲಾರದ ಚಿನ್ನದ ಗಣಿಗಳ ಆಡಳಿತ ನಡೆಸಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು. ಗಣಿ ಆಳಕ್ಕಿಳಿಯುತ್ತಾ ಹೋಗಿ, ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರನ್ನೂ ಮೀರಿತು. ಆ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು. ಚಿನ್ನವಿರುವ ಬೆಣಚುಕಲ್ಲನ್ನು ಕೊರೆದಾಗ ಏಳುವ ನುಣ್ಣನೆಯ ಧೂಳು ಕಾರ್ಮಿಕರ ಶ್ವಾಸಕೋಶವನ್ನು ಸೇರುತ್ತಿತ್ತು. ಇದರಿಂದ ಬರುವ ರೋಗವೇ ಸಿಲಿಕೋಸಿಸ್. ಮೊದಮೊದಲು ರೋಗದ ಸುಳಿವೇ ಇರುವುದಿಲ್ಲ. ವರ್ಷಗಳ ಮೇಲೆ ಕೆಮ್ಮು, ಏದುಸಿರು ಕಾಣಿಸುತ್ತವೆ. ಗುಣಪಡಿಸುವ ಔಷಧಿ ಇಂದಿಗೂ ಇಲ್ಲ.

ದಿನಗೂಲಿಯವನಿಗೆ ಗಣಿಗಿಳಿಯದ ದಿನ ಕೂಲಿಯಿಲ್ಲ. ಆದುದರಿಂದ ಕೆಮ್ಮುತ್ತಲೇ ಇಳಿಯುವವನು ಹಾಜರಿ ಪುಸ್ತಕದಲ್ಲಿ ಆರೋಗ್ಯವಂತನಾಗಿಯೇ ಕಾಣುತ್ತಾನೆ. ಇಳಿಯಲಾರದವನು ಸೋಮಾರಿಯಾಗಿ ಕಾಣುತ್ತಾನೆ. ಪುಸ್ತಕವು ಗೈರುಹಾಜರಿಯನ್ನು ತೋರಿಸಬಲ್ಲದೇ ಹೊರತು ಅದರ ಕಾರಣವನ್ನಲ್ಲ.

ಮೈಸೂರು ಸರ್ಕಾರವು 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ತಂದಿತು. ಆ ದಶಕದಲ್ಲಿ ನಡೆದ ತಪಾಸಣೆಯ ವರದಿ 1947ರಲ್ಲಿ ಹೊರಬಂದಾಗ, ಪರೀಕ್ಷೆಗೊಳಗಾದ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಪೈಕಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಈ ರೋಗವಿರುವುದು ತಿಳಿಯಿತು. ಇದನ್ನು ಸ್ವಭಾವದ ದೋಷ ಎನ್ನಲಾದೀತೇ? ನೀರು ಹಾಯಿಸಿ ಕೊರೆಯುವುದು, ಗಾಳಿ ಆಡಿಸುವುದು, ಆಗಾಗ್ಗೆ ಎದೆ ಪರೀಕ್ಷೆ ಮಾಡಿಸುವುದು ಇವೇ ತಡೆಯುವ ಮಾರ್ಗಗಳು. ಇವೆಲ್ಲವೂ ಮಾಲೀಕನ ಕೈಯಲ್ಲಿರುವಂಥವು.

ಸ್ವಾತಂತ್ರ್ಯಾನಂತರ, 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ಬಂತು. ಇ.ಎಸ್.ಐ. ಎಂದು ನಾವು ಕರೆಯುವ ಈ ಯೋಜನೆ 1952ರಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾಯಿತು. ಮಾಲೀಕರೂ ಕಾರ್ಮಿಕರೂ ಇದಕ್ಕೆ ವಂತಿಗೆ ಕೊಡುತ್ತಾರೆ. ಅರ್ಹ ಕಾರ್ಮಿಕನಿಗೆ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡಾ 70ರಷ್ಟು ಸಿಗುತ್ತದೆ. ಕಾಯಿಲೆ ಬಿದ್ದವನ ಮನೆಯ ಒಲೆ ಆರಬಾರದು ಎಂಬುದೇ ಇದರ ತತ್ತ್ವ. ಆದರೆ 1948ರ ಆ ಕಾಯಿದೆಯ ವ್ಯಾಪ್ತಿಗೆ ಗಣಿಗಳು ಸೇರಿರಲಿಲ್ಲ.

ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದೇ ಜಿಲ್ಲೆಯ ನರಸಾಪುರದಲ್ಲಿ ಈಗ ವಾಹನ ಮತ್ತು ಮೊಬೈಲ್ ಫೋನಿನ ಕಾರ್ಖಾನೆಗಳಿವೆ. 2020ರ ಡಿಸೆಂಬರ್ 12ರಂದು ಅಲ್ಲಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ವೇತನದ ವಿಷಯವಾಗಿ ಗಲಭೆಯಾಯಿತು. ಕೆಲಸದ ವೇಳೆಯ ನಿರ್ವಹಣೆ ಸರಿಯಾಗಿರಲಿಲ್ಲವೆಂದು, ಅದರಿಂದ ಕೆಲವರಿಗೆ ವೇತನ ತಡವಾಯಿತೆಂದು, ಫೋನು ಮಾಡಿಸಿಕೊಳ್ಳುತ್ತಿದ್ದ ಆಪಲ್ ಕಂಪನಿಯೇ ಹೇಳಿತು. ಅದು ರಜೆಯ ಜಗಳವಾಗಿರಲಿಲ್ಲ, ನಿಜ. ಆದರೆ ದುಡಿದ ವೇಳೆಯ ಲೆಕ್ಕವೇ ತಪ್ಪುವಲ್ಲಿ ದಣಿವಿನ ಲೆಕ್ಕ ಇಡುವವರಾರು?

ನಿಮ್ಮಲ್ಲಿ ಕೆಲವರು ನಾಳೆ ನೌಕರರಾಗುವಿರಿ, ಕೆಲವರು ಮಾಲೀಕರಾಗುವಿರಿ. ರಜೆ ಅರ್ಜಿಗಳು ಹೆಚ್ಚಿದಾಗ ಯಾರು ಸುಳ್ಳು ಹೇಳುತ್ತಿದ್ದಾರೆಂದು ಹುಡುಕುವ ಮೊದಲು, ಅವರು ಯಾವ ಗಾಳಿ ಉಸಿರಾಡುತ್ತಾರೆ, ಎಷ್ಟು ಹೊತ್ತು ನಿಂತಿರುತ್ತಾರೆ ಎಂದು ಕೇಳಿ ನೋಡಿ. ಕೋಲಾರದ ಗಣಿ ಕಾರ್ಮಿಕರನ್ನು ಆ ಪ್ರಶ್ನೆ ಕೇಳಿದ್ದು ಬಹಳ ತಡವಾಗಿ.