ಕೈಯಲ್ಲಿ ಸ್ಟೀರಿಂಗ್, ಎದುರಿಗೆ ಸಿಂಹ: ಆಫ್ರಿಕಾದ ಸೆಲ್ಫ್ ಡ್ರೈವ್ ಸಫಾರಿ ಹೇಗಿರುತ್ತದೆ? ಬಂಡೀಪುರದಲ್ಲಿ ಯಾಕಿಲ್ಲ?

ಸಫಾರಿ ಎಂದರೆ ಕರ್ನಾಟಕದವರಿಗೆ ಮೊದಲು ನೆನಪಾಗುವುದು ಬಂಡೀಪುರ, ನಾಗರಹೊಳೆ, ಕಬಿನಿ. ಟಿಕೆಟ್ ತೆಗೆದುಕೊಂಡು ಅರಣ್ಯ ಇಲಾಖೆಯ ಬಸ್ಸನ್ನೋ ಜಂಗಲ್ ಲಾಡ್ಜಸ್‌ನ ಜೀಪನ್ನೋ ಹತ್ತಬೇಕು, ಚಾಲಕ ಕರೆದುಕೊಂಡು ಹೋದ ಕಡೆ ಹೋಗಿ ಬರಬೇಕು. ಹುಲಿ ಕಂಡರೆ ಅದೃಷ್ಟ, ಕಾಣದಿದ್ದರೆ ಜಿಂಕೆ, ಕಾಟಿ ನೋಡಿ ತೃಪ್ತಿಪಡಬೇಕು.

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಕಥೆಯೇ ಬೇರೆ. ಅಲ್ಲಿ ವಿಮಾನ ನಿಲ್ದಾಣದಲ್ಲಿ ಬಾಡಿಗೆಗೆ ಪಡೆದ ಸಾಮಾನ್ಯ ಕಾರನ್ನೇ ಓಡಿಸಿಕೊಂಡು ಕಾಡಿನೊಳಗೆ ಹೋಗಬಹುದು. ಗೈಡ್ ಬೇಕಿಲ್ಲ, ಜೀಪ್ ಬೇಕಿಲ್ಲ. ಯಾವ ರಸ್ತೆ ಹಿಡಿಯಬೇಕು, ಎಲ್ಲಿ ಎಷ್ಟು ಹೊತ್ತು ಕಾಯಬೇಕು ಎಂಬುದೆಲ್ಲ ಸ್ಟೀರಿಂಗ್ ಹಿಡಿದವರಿಗೆ ಬಿಟ್ಟದ್ದು. ಇದನ್ನೇ ಸೆಲ್ಫ್ ಡ್ರೈವ್ ಸಫಾರಿ ಎನ್ನುತ್ತಾರೆ. ಗೈಡ್ ಸಹಿತ ಐಷಾರಾಮಿ ಲಾಡ್ಜ್‌ಗಳ ಸಫಾರಿಗೆ ಹೋಲಿಸಿದರೆ ಖರ್ಚು ಬಹಳ ಕಡಿಮೆ ಎನ್ನುವುದು ಇದರ ಜನಪ್ರಿಯತೆಗೆ ದೊಡ್ಡ ಕಾರಣ.

ಆದರೆ ಈ ಸ್ವಾತಂತ್ರ್ಯ ಪುಕ್ಕಟೆಯಲ್ಲ. ಅದರ ಹಿಂದೆ ಕಟ್ಟುನಿಟ್ಟಿನ ನಿಯಮಗಳ ದೊಡ್ಡ ಪಟ್ಟಿಯೇ ಇದೆ.

ಮೂರು ಕಾರುಗಳಿಂದ ಶುರುವಾದದ್ದು

ಕ್ರೂಗರ್‌ನ ವಿಸ್ತೀರ್ಣ ಸುಮಾರು 19,500 ಚದರ ಕಿ.ಮೀ. ಕರ್ನಾಟಕದ ಹತ್ತನೇ ಒಂದು ಭಾಗದಷ್ಟು ಕಾಡು ಒಂದೇ ಕಡೆ ಇದೆ ಎಂದುಕೊಂಡರೆ ಅಂದಾಜು ಸಿಗುತ್ತದೆ. ಬಂಡೀಪುರ ರಾಷ್ಟ್ರೀಯ ಉದ್ಯಾನಕ್ಕಿಂತ 20 ಪಟ್ಟು ದೊಡ್ಡದು. ಉತ್ತರದಿಂದ ದಕ್ಷಿಣಕ್ಕೆ ಉದ್ದವೇ ಸುಮಾರು 360 ಕಿ.ಮೀ.

1898ರಲ್ಲಿ ಸಾಬಿ ಮೀಸಲು ಪ್ರದೇಶವಾಗಿ ಆರಂಭವಾದ ಈ ಕಾಡು 1926ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1927ರಲ್ಲಿ ಪ್ರವಾಸಿಗರ ಮೊದಲ ಮೂರು ಕಾರುಗಳು ಒಳಗೆ ಬಂದವು. ಅಂದರೆ ಇಲ್ಲಿ ಪ್ರವಾಸೋದ್ಯಮ ಹುಟ್ಟಿದ್ದೇ ಸ್ವಂತ ಕಾರಿನ ಜೊತೆ. ರಸ್ತೆ, ವಸತಿ, ಪೆಟ್ರೋಲ್ ಬಂಕ್, ಅಂಗಡಿ ಎಲ್ಲವೂ ಕಾರಿನಲ್ಲಿ ಬರುವವರನ್ನು ಗಮನದಲ್ಲಿಟ್ಟುಕೊಂಡೇ ಬೆಳೆದವು. ಇಂದು ಡಾಂಬರು ರಸ್ತೆಯೇ 800 ಕಿ.ಮೀ.ಗೂ ಹೆಚ್ಚಿದೆ, ಮಣ್ಣಿನ ರಸ್ತೆ ಅದಕ್ಕಿಂತ ಹೆಚ್ಚು.

ಈ ಇತಿಹಾಸಕ್ಕೆ ಇನ್ನೊಂದು ಮುಖವೂ ಇದೆ. ಕಾಡನ್ನು ಉಳಿಸುವ ಹೆಸರಿನಲ್ಲಿ ಅಲ್ಲಿ ಬದುಕಿದ್ದ ಸಮುದಾಯಗಳನ್ನು ಹೊರಹಾಕಲಾಯಿತು. ಉತ್ತರ ತುದಿಯ ಪಫೂರಿ ಪ್ರದೇಶದಿಂದ 1969ರಲ್ಲಿ ಎತ್ತಂಗಡಿಯಾದ ಮಕುಲೇಕೆ ಸಮುದಾಯಕ್ಕೆ ಜಮೀನಿನ ಹಕ್ಕು ಮರಳಿ ಸಿಕ್ಕಿದ್ದು 1998ರಲ್ಲಿ. ನಾಗರಹೊಳೆಯ ಹಾಡಿಗಳ ಕಥೆ ಗೊತ್ತಿರುವ ಕನ್ನಡಿಗರಿಗೆ ಇದು ಅಪರಿಚಿತವೆನಿಸದು.

ಒಂದು ದಿನ ಹೇಗಿರುತ್ತದೆ?

ಬೇಲಿ ಹಾಕಿದ ವಸತಿ ಕ್ಯಾಂಪ್‌ಗಳು ಇಲ್ಲಿನ ವ್ಯವಸ್ಥೆಯ ಬೆನ್ನೆಲುಬು. ಸ್ಕುಕುಜಾ, ಲೋವರ್ ಸಾಬಿ, ಸತಾರಾ, ಒಲಿಫಾಂಟ್ಸ್, ಲೆಟಾಬಾ ಮುಖ್ಯವಾದವು. ಮನುಷ್ಯರು ಬೇಲಿಯೊಳಗೆ, ಪ್ರಾಣಿಗಳು ಹೊರಗೆ. ರಾತ್ರಿ ಬೇಲಿಯಾಚೆ ಕತ್ತೆಕಿರುಬ ಓಡಾಡುವುದು ಮಾಮೂಲು.

ಬೆಳಿಗ್ಗೆ ಗೇಟ್ ತೆರೆಯುವ ಮೊದಲೇ ಕಾರುಗಳು ಸಾಲುಗಟ್ಟುತ್ತವೆ. ತಂಪು ಹೊತ್ತಿನಲ್ಲಿ ಸಿಂಹ, ಚಿರತೆ ಕಾಣುವ ಸಾಧ್ಯತೆ ಹೆಚ್ಚು. ಕ್ಯಾಂಪ್‌ಗಳಲ್ಲಿ ಒಂದು ನಕ್ಷೆಯ ಹಲಗೆ ಇರುತ್ತದೆ. ಎಲ್ಲಿ ಯಾವ ಪ್ರಾಣಿ ಕಂಡಿತು ಎಂದು ಬಂದವರು ಬಣ್ಣದ ಗುಂಡಿ ಅಂಟಿಸಿ ಗುರುತು ಮಾಡುತ್ತಾರೆ. ಅದನ್ನು ನೋಡಿ ದಾರಿ ಆರಿಸಿಕೊಳ್ಳುವುದು ರೂಢಿ. ಸಾಬಿ ನದಿಯ ಪಕ್ಕದಲ್ಲೇ ಸಾಗುವ ಸ್ಕುಕುಜಾ-ಲೋವರ್ ಸಾಬಿ ರಸ್ತೆ ಮೊದಲ ಸಲ ಹೋಗುವವರಿಗೆ ಅತ್ಯುತ್ತಮ ಆಯ್ಕೆ. ಸತಾರಾ ಸುತ್ತಮುತ್ತಲಿನ ಹುಲ್ಲುಗಾವಲು ಸಿಂಹಗಳಿಗೆ ಹೆಸರುವಾಸಿ.

ದೂರದ ಲೆಕ್ಕದಲ್ಲಿ ಹೊಸಬರು ಎಡವುವುದು ಹೆಚ್ಚು. ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ., ಮಣ್ಣಿನ ರಸ್ತೆಯಲ್ಲಿ 40 ಕಿ.ಮೀ. ಮಿತಿ ಇದೆ. ಆದರೆ ಪ್ರಾಣಿ ನೋಡುತ್ತಾ ಹೋಗುವಾಗ ಸರಾಸರಿ 20-25 ಕಿ.ಮೀ. ದಾಟುವುದಿಲ್ಲ. ನಕ್ಷೆಯಲ್ಲಿ 100 ಕಿ.ಮೀ. ಎಂದಿದ್ದರೆ ನಾಲ್ಕೈದು ಗಂಟೆ ಬೇಕೇ ಬೇಕು. ಇತ್ತ ಸಂಜೆಯ ಗೇಟ್ ಸಮಯ ಋತುವಿಗೆ ತಕ್ಕಂತೆ 5.30ರಿಂದ 6.30ರೊಳಗೆ ಇರುತ್ತದೆ. ಅಷ್ಟರೊಳಗೆ ಕ್ಯಾಂಪ್ ಸೇರದಿದ್ದರೆ ದಂಡ. ದಾರಿಯಲ್ಲಿ ಆನೆ ಹಿಂಡು ಅಡ್ಡ ನಿಂತಿತ್ತು ಎಂಬ ಸಬೂಬನ್ನು ಗೇಟಿನವರು ದಿನಾ ಕೇಳಿರುತ್ತಾರೆ.

ಕತ್ತಲಾದ ಮೇಲೆ ಖಾಸಗಿ ಕಾರು ಓಡಿಸುವಂತಿಲ್ಲ. ರಾತ್ರಿ ಸಫಾರಿ ಬೇಕಿದ್ದರೆ ಉದ್ಯಾನದವರದ್ದೇ ತೆರೆದ ವಾಹನದಲ್ಲಿ, ಅವರ ಗೈಡ್ ಜೊತೆ ಹೋಗಬೇಕು.

ಕಾರಿನಿಂದ ಇಳಿದರೆ ಆಟ ಮುಗಿಯಿತು

ಇಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮ ಒಂದೇ: ಗುರುತಿಸಿದ ಪಿಕ್‌ನಿಕ್ ತಾಣ, ವೀಕ್ಷಣಾ ಸ್ಥಳ ಮತ್ತು ಕ್ಯಾಂಪ್ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವಂತಿಲ್ಲ. ಕಿಟಕಿಯಿಂದ ಕೈ, ತಲೆ ಹೊರಹಾಕುವುದು, ಸನ್‌ರೂಫ್‌ನಲ್ಲಿ ಎದ್ದು ನಿಲ್ಲುವುದು, ರಸ್ತೆ ಬಿಟ್ಟು ಇಳಿಸುವುದು, ಪ್ರಾಣಿಗಳಿಗೆ ತಿಂಡಿ ಹಾಕುವುದು, ಡ್ರೋನ್ ಹಾರಿಸುವುದು ಎಲ್ಲವೂ ನಿಷಿದ್ಧ. ಬೈಕಿಗೆ ಪ್ರವೇಶವಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ಶೌಚಾಲಯ ಎಲ್ಲೆಲ್ಲಿದೆ ಎಂದು ಬೆಳಿಗ್ಗೆಯೇ ನಕ್ಷೆಯಲ್ಲಿ ನೋಡಿಕೊಳ್ಳುವುದು ಜಾಣತನ.

ಸಿಂಹಕ್ಕಿಂತ ಹೆಚ್ಚು ಎಚ್ಚರ ಬೇಕಿರುವುದು ಆನೆಯ ವಿಷಯದಲ್ಲಿ. 2013ರ ಡಿಸೆಂಬರ್ ಕೊನೆಯಲ್ಲಿ ಕ್ರೂಗರ್‌ನ ರಸ್ತೆಯೊಂದರಲ್ಲಿ ಮದವೇರಿದ ಗಂಡಾನೆಯೊಂದು ಪ್ರವಾಸಿಗರಿದ್ದ ಚಿಕ್ಕ ಕಾರನ್ನು ದಂತದಿಂದ ಎತ್ತಿ ಉರುಳಿಸಿತು. ಕಾರಿನಲ್ಲಿದ್ದ ಮಹಿಳೆಯ ತೊಡೆಗೆ ದಂತ ಚುಚ್ಚಿತು, ಅವರು ಬದುಕಿ ಉಳಿದರು. ಹಿಂದಿನ ಕಾರಿನವರು ತೆಗೆದ ವಿಡಿಯೋ ಜಗತ್ತಿನಾದ್ಯಂತ ಹರಿದಾಡಿತು. ಉಳಿಯದೇ ಹೋದದ್ದು ಆನೆ. ಅದನ್ನು ಸಿಬ್ಬಂದಿ ಗುಂಡಿಕ್ಕಿ ಕೊಂದರು. ಮನುಷ್ಯ ತಪ್ಪಾಗಿ ಅಂದಾಜಿಸಿದಾಗ ಬೆಲೆ ತೆರುವುದು ಬಹಳ ಸಲ ಪ್ರಾಣಿಯೇ.

ಆನೆ ಕಿವಿ ಅಗಲಿಸಿ ತಲೆ ಕೊಡವಿದರೆ, ಕಣ್ಣು-ಕಿವಿಯ ನಡುವೆ ಮದಜಲ ಸುರಿಯುತ್ತಿದ್ದರೆ ನಿಧಾನವಾಗಿ ಹಿಂದೆ ಸರಿಯಬೇಕು. ಹಾರ್ನ್ ಮಾಡಬಾರದು, ಹಿಂಡಿನ ನಡುವೆ ನುಗ್ಗಬಾರದು, ತಾಯಿ-ಮರಿಯ ಮಧ್ಯೆ ಕಾರು ನಿಲ್ಲಿಸಬಾರದು. ಹಿಂದೆ ಸರಿಯಲು ಜಾಗ ಇದೆಯೇ ಎಂದು ನೋಡಿಕೊಂಡೇ ಹತ್ತಿರ ಹೋಗಬೇಕು.

ಎಲ್ಲ ಕಡೆಯೂ ಸೆಲ್ಫ್ ಡ್ರೈವ್ ಇಲ್ಲ

ಆಫ್ರಿಕಾದ ಎಲ್ಲ ಗೇಮ್ ರಿಸರ್ವ್‌ಗಳಲ್ಲೂ ಹೀಗೆ ಓಡಾಡಬಹುದು ಎಂದುಕೊಂಡರೆ ನಿರಾಶೆ ಖಚಿತ. ಕ್ರೂಗರ್ ಪಕ್ಕದಲ್ಲೇ ಇರುವ ಸಾಬಿ ಸ್ಯಾಂಡ್‌ನಂತಹ ಖಾಸಗಿ ಮೀಸಲು ಪ್ರದೇಶಗಳಲ್ಲಿ ಲಾಡ್ಜ್‌ನ ವಾಹನ, ಲಾಡ್ಜ್‌ನ ಗೈಡ್ ಮಾತ್ರ. ನಮೀಬಿಯಾದ ಎಟೋಶಾ ಉದ್ಯಾನ ಸೆಲ್ಫ್ ಡ್ರೈವ್‌ಗೆ ಹೇಳಿ ಮಾಡಿಸಿದ್ದು. ನೀರಿನ ಹೊಂಡದ ಬಳಿ ಕಾರು ನಿಲ್ಲಿಸಿ ಕಾದರೆ ಪ್ರಾಣಿಗಳೇ ಬರುತ್ತವೆ. ಬೋಟ್ಸ್‌ವಾನಾದ ಚೋಬೆಯ ಮರಳು ದಾರಿಗೆ ಫೋರ್ ವೀಲ್ ಡ್ರೈವ್ ವಾಹನವೂ ಅನುಭವವೂ ಬೇಕು. ಮಲೇರಿಯಾ ಭಯ ಬೇಡ, ಪುಟ್ಟ ಮಕ್ಕಳಿದ್ದಾರೆ ಎನ್ನುವವರು ಜೋಹಾನ್ಸ್‌ಬರ್ಗ್‌ಗೆ ಹತ್ತಿರದ ಪಿಲಾನ್ಸ್‌ಬರ್ಗ್ ನೋಡಬಹುದು, ಅದು ಮಲೇರಿಯಾ ಮುಕ್ತ ಪ್ರದೇಶ.

ಇಲ್ಲಿಂದ ಹೊರಡುವವರ ತಯಾರಿ

ಮೊದಲಿಗೆ ಸಮಾಧಾನದ ಸುದ್ದಿ: ದಕ್ಷಿಣ ಆಫ್ರಿಕಾದಲ್ಲೂ ವಾಹನ ಚಲಿಸುವುದು ರಸ್ತೆಯ ಎಡಬದಿಯಲ್ಲೇ. ಸ್ಟೀರಿಂಗ್ ಬಲಕ್ಕೇ ಇರುತ್ತದೆ. ಫೋಟೋ, ಸಹಿ ಇರುವ ಇಂಗ್ಲಿಷ್ ಪರವಾನಗಿ ಅಲ್ಲಿ ಸಲ್ಲುತ್ತದೆ. ಆದರೂ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳುವುದು ಒಳ್ಳೆಯದು, ಬಾಡಿಗೆ ಕಾರಿನವರು ಕೇಳುವುದುಂಟು. ಅದರ ಅವಧಿ ಒಂದು ವರ್ಷ.

ಹಳದಿ ಜ್ವರದ ಲಸಿಕೆ ಅನೇಕರನ್ನು ಗೊಂದಲಕ್ಕೆ ಕೆಡವುತ್ತದೆ. ದಕ್ಷಿಣ ಆಫ್ರಿಕಾ ಹಳದಿ ಜ್ವರದ ದೇಶವಲ್ಲ. ಆದರೆ ಕೀನ್ಯಾ, ಇಥಿಯೋಪಿಯಾ ಆ ಪಟ್ಟಿಯಲ್ಲಿವೆ. ನೈರೋಬಿ ಅಥವಾ ಆಡಿಸ್ ಅಬಾಬಾದಲ್ಲಿ ವಿಮಾನ ಬದಲಿಸುವವರು, ಅದರಲ್ಲೂ ಊರೊಳಗೆ ಹೋಗಿ ಬರುವವರು, ಲಸಿಕೆ ಪ್ರಮಾಣಪತ್ರ ಇಟ್ಟುಕೊಳ್ಳುವುದೇ ಕ್ಷೇಮ. ಇಲ್ಲದಿದ್ದರೆ ಭಾರತಕ್ಕೆ ಮರಳಿದಾಗ ಪ್ರತ್ಯೇಕವಾಗಿ ಇರಿಸುವ ಸಾಧ್ಯತೆ ಇದೆ. ಲಸಿಕೆ ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಆಗಿರಬೇಕು. ಇನ್ನು ಕ್ರೂಗರ್‌ನಲ್ಲಿ ಮಲೇರಿಯಾ ಇದೆ, ಮಳೆಗಾಲದಲ್ಲಿ ಅಪಾಯ ಹೆಚ್ಚು. ಮಾತ್ರೆಯ ಬಗ್ಗೆ ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು.

ಮೇಯಿಂದ ಸೆಪ್ಟೆಂಬರ್ ಅಲ್ಲಿ ಒಣ ಚಳಿಗಾಲ. ಹುಲ್ಲು ಬಾಡಿ, ನೀರು ಕಡಿಮೆಯಾಗಿ, ಪ್ರಾಣಿಗಳು ಹೊಳೆ-ಹೊಂಡದ ಬಳಿ ಸೇರುವ ಕಾಲ. ನಮ್ಮ ದಸರಾ ರಜೆಗೆ ಹೋದರೆ ಸೆಕೆ ಶುರುವಾಗಿರುತ್ತದೆ, ಆದರೂ ಮೊದಲ ಮಳೆ ಜೋರಾಗುವವರೆಗೆ ಪ್ರಾಣಿ ಚೆನ್ನಾಗಿಯೇ ಕಾಣುತ್ತವೆ. ಕ್ಯಾಂಪ್ ಕೋಣೆಗಳನ್ನು ಉದ್ಯಾನ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. ಕೋಣೆ ಬಾಡಿಗೆಯಲ್ಲದೆ ತಲೆಗೆ ಇಷ್ಟು ಎಂದು ದಿನದ ಸಂರಕ್ಷಣಾ ಶುಲ್ಕವೂ ಇದೆ. ವಿದೇಶಿಯರಿಗೆ ಅದು ಸ್ಥಳೀಯರಿಗಿಂತ ಹೆಚ್ಚು.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಅಡುಗೆಮನೆ ಇರುವ ಕಾಟೇಜುಗಳು ಸಿಗುತ್ತವೆ. 1860ರಿಂದ ಭಾರತೀಯರು ನೆಲೆಸಿದ ದೇಶವಾದ್ದರಿಂದ ಅಕ್ಕಿ, ಬೇಳೆ, ಮಸಾಲೆ ಜೋಹಾನ್ಸ್‌ಬರ್ಗ್‌ನಲ್ಲಿ ಸುಲಭವಾಗಿ ಸಿಗುತ್ತವೆ. ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕಿಕೊಂಡು ಹೊರಟರೆ ಮಧ್ಯಾಹ್ನದ ಚಿಂತೆ ಇಲ್ಲ. ಪಿಕ್‌ನಿಕ್ ತಾಣದ ಕೋತಿಗಳು ಮಾತ್ರ ನಮ್ಮ ಚಾಮುಂಡಿ ಬೆಟ್ಟದವಕ್ಕಿಂತ ಕಡಿಮೆಯೇನಲ್ಲ.

ನಿಜವಾದ ಅಪಾಯ ಕೆಲವೊಮ್ಮೆ ಕಾಡಿನ ಹೊರಗಿದೆ. 2022ರ ಅಕ್ಟೋಬರ್‌ನಲ್ಲಿ ಕ್ರೂಗರ್‌ನ ನಂಬಿ ಗೇಟ್‌ಗೆ ಹೋಗುವ ರಸ್ತೆಯಲ್ಲಿ ಜರ್ಮನ್ ಪ್ರವಾಸಿಯೊಬ್ಬರನ್ನು ದುಷ್ಕರ್ಮಿಗಳು ಗುಂಡಿಕ್ಕಿ ಕೊಂದರು. ಜೋಹಾನ್ಸ್‌ಬರ್ಗ್‌ನಿಂದ ದಕ್ಷಿಣದ ಗೇಟ್‌ಗಳಿಗೆ 400 ಕಿ.ಮೀ. ಆಸುಪಾಸು ದೂರವಿದೆ. ಹಗಲು ಬೆಳಕಿನಲ್ಲೇ ತಲುಪುವಂತೆ ಹೊರಡುವುದು, ಮುಖ್ಯ ಹೆದ್ದಾರಿ ಬಿಟ್ಟು ಅಡ್ಡದಾರಿ ಹಿಡಿಯದಿರುವುದು, ಅಪರಿಚಿತರು ಕೈ ತೋರಿಸಿದರೆಂದು ಕಾರು ನಿಲ್ಲಿಸದಿರುವುದು ಮುಖ್ಯ.

ಬಂಡೀಪುರದಲ್ಲಿ ಯಾಕಿಲ್ಲ?

ಸ್ವಂತ ಕಾರಿನ ಸಫಾರಿಯನ್ನು ಇಲ್ಲೂ ಶುರು ಮಾಡಬಾರದೇಕೆ ಎಂಬ ಪ್ರಶ್ನೆ ಸಹಜ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿಯ ಪ್ರಕಾರ ಹುಲಿ ಮೀಸಲು ಪ್ರದೇಶದ ಹೃದಯಭಾಗದಲ್ಲಿ ಪ್ರವಾಸೋದ್ಯಮಕ್ಕೆ ಶೇ. 20ಕ್ಕಿಂತ ಹೆಚ್ಚು ಜಾಗ ಬಳಸುವಂತಿಲ್ಲ. ಪ್ರಾಣಿಗಳಿಂದ 20 ಮೀಟರ್‌ಗಿಂತ ಹೆಚ್ಚು ಅಂತರ ಇರಬೇಕು. ಬಹುತೇಕ ಹುಲಿ ಕಾಡುಗಳಲ್ಲಿ ನೋಂದಾಯಿತ ವಾಹನ, ಜೊತೆಗೆ ತರಬೇತಾದ ಗೈಡ್ ಅಥವಾ ಚಾಲಕ ಕಡ್ಡಾಯ.

ಕಾನೂನಿಗಿಂತ ಮೊದಲು ನೆಲದ ಲೆಕ್ಕವಿದೆ. ಕ್ರೂಗರ್‌ನ ಬಯಲು ಕಾಡಿನಲ್ಲಿ ಆನೆ ದೂರದಿಂದಲೇ ಕಾಣುತ್ತದೆ. ಬಂಡೀಪುರದಲ್ಲಿ ಲಂಟಾನ ಪೊದೆಯ ಹಿಂದೆ ಹತ್ತು ಅಡಿ ದೂರದಲ್ಲಿ ನಿಂತ ಆನೆಯೂ ಕಾಣದು. ಕಾಡಿನ ದಾರಿ ಒಂದೇ ಜೀಪು ಹಿಡಿಸುವಷ್ಟು ಅಗಲ, ತಿರುಗಿಸಲು ಜಾಗವಿಲ್ಲ. ಸುತ್ತ ಊರುಗಳಿವೆ. ಬೆದರಿದ ಪ್ರಾಣಿ ಹೊಲಕ್ಕೆ ನುಗ್ಗಿದರೆ ಅನುಭವಿಸುವವನು ಪ್ರವಾಸಿಯಲ್ಲ, ರೈತ.

ಹಾಗೆಂದು ಸ್ವಂತ ಕಾರು ಬಂಡೀಪುರ ಕಾಡಿನೊಳಗೆ ಓಡುವುದೇ ಇಲ್ಲ ಎಂದಲ್ಲ. ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೆ, ಇತ್ತ ತಮಿಳುನಾಡಿನ ಗೂಡಲೂರು-ಊಟಿಗೆ ಹೋಗುವ ಹೆದ್ದಾರಿಗಳು ಹುಲಿ ಕಾಡಿನ ನಡುವೆಯೇ ಹಾದುಹೋಗುತ್ತವೆ. ವಾಹನಕ್ಕೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದ ಕಾರಣಕ್ಕೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಇಲ್ಲಿ ಸಂಚಾರ ನಿಷೇಧವಿದೆ. ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಸಾರಿಗೆ ಬಸ್ಸುಗಳಿಗಷ್ಟೇ ವಿನಾಯಿತಿ. 2010ರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ನಿಷೇಧ ತೆಗೆಯಬೇಕೆಂದು ವಯನಾಡಿನಲ್ಲಿ 2019ರಲ್ಲಿ ದೊಡ್ಡ ಹೋರಾಟವೇ ನಡೆಯಿತು. ಆಸ್ಪತ್ರೆ, ವ್ಯಾಪಾರಕ್ಕೆ ಮೈಸೂರನ್ನು ನಂಬಿದ ಅಲ್ಲಿನವರ ಕಷ್ಟ ಸುಳ್ಳಲ್ಲ. ರಸ್ತೆಯಲ್ಲಿ ಸತ್ತ ಪ್ರಾಣಿಗಳ ಲೆಕ್ಕವೂ ಸುಳ್ಳಲ್ಲ.

ಹಗಲಲ್ಲಿ ಈ ರಸ್ತೆಯಲ್ಲಿ ಹೋಗಬಹುದು, ಆದರೆ ಅದು ಸಫಾರಿ ಅಲ್ಲ. ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ. 2025ರ ಆಗಸ್ಟ್‌ನಲ್ಲಿ ಇದೇ ರಸ್ತೆಯಲ್ಲಿ ಕಾಡಾನೆ ಜೊತೆ ಸೆಲ್ಫಿಗೆ ಹೋದ ವ್ಯಕ್ತಿ ಅದರ ಕಾಲ್ತುಳಿತಕ್ಕೆ ಸಿಕ್ಕಿ ಕೂದಲೆಳೆಯಲ್ಲಿ ಪಾರಾದರು. ಅರಣ್ಯ ಇಲಾಖೆ 25 ಸಾವಿರ ರೂಪಾಯಿ ದಂಡ ಹಾಕಿತು.

ನೆರೆಯ ಆಂಧ್ರದಲ್ಲೂ ಪರಿಸ್ಥಿತಿ ಭಿನ್ನವಲ್ಲ. ಉಕ್ಕಿನ ಕಾರ್ಖಾನೆಯ ಮಗ್ಗುಲಿನ ಗಾಜುವಾಕದಲ್ಲಿ ವಾಸಿಸುವವರಿಗೆ ಅದೇ ವಿಶಾಖಪಟ್ಟಣದಲ್ಲೇ ಕಾಡಿದೆ. ಸುಮಾರು 70 ಚದರ ಕಿ.ಮೀ.ನ ಕಂಬಾಲಕೊಂಡ ವನ್ಯಜೀವಿ ಧಾಮ ರಾಷ್ಟ್ರೀಯ ಹೆದ್ದಾರಿ 16ಕ್ಕೆ ಅಂಟಿಕೊಂಡೇ ಇದೆ. ಅಲ್ಲಿ ಚಿರತೆಗಳಿವೆ. ಚಾರಣ, ದೋಣಿವಿಹಾರಕ್ಕೆ ಅವಕಾಶವಿದೆ, ಕಾರು ಓಡಿಸಿಕೊಂಡು ಪ್ರಾಣಿ ನೋಡುವ ವ್ಯವಸ್ಥೆ ಇಲ್ಲ. ಇಷ್ಟು ಚಿಕ್ಕ ಕಾಡಿಗೆ ನಗರದ ಕಾರುಗಳನ್ನು ಬಿಟ್ಟರೆ ಚಿರತೆ ಹೋಗುವುದಾದರೂ ಎಲ್ಲಿಗೆ?

ಕಾರು ಬಿಟ್ಟು ಕಾಡು ನೋಡುವ ಒಂದು ಮಾದರಿ ನಮ್ಮಲ್ಲೇ ಇದೆ. ಬಂಡೀಪುರಕ್ಕೆ ಸೇರಿದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ಬುಡದಲ್ಲೇ ಕಾರು ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ ಹತ್ತಬೇಕು. ಕಿಟಕಿ ಪಕ್ಕದ ಸೀಟು ಸಿಕ್ಕರೆ, ಮಂಜು ಸರಿದ ಹೊತ್ತಿನಲ್ಲಿ ಇಳಿಜಾರಿನ ಹುಲ್ಲುಗಾವಲಲ್ಲಿ ಮೇಯುವ ಆನೆಗಳು ಕಾಣುವುದುಂಟು.