ಅಡಿಕೆಯ ಕೊಳೆರೋಗ

ಕೊಳೆರೋಗವು ಅಡಿಕೆಯ ಎಳೆಗಾಯಿಗಳನ್ನು ಮಳೆಗಾಲದಲ್ಲಿ ಕೊಳೆಯಿಸಿ ಉದುರಿಸುವ ಸಾಂಕ್ರಾಮಿಕ ರೋಗ. ಮಳೆ ಹೆಚ್ಚಾಗಿ ಬೀಳುವ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ಉಡುಪಿ ಹಾಗೂ ದಕ್ಷಿಣ ಕನ್ನಡ ಜಿಲ್ಲೆಗಳ ತೋಟಗಳಲ್ಲಿಯೂ ನೆರೆಯ ಕೇರಳದಲ್ಲಿಯೂ ಇದು ಪ್ರತಿವರ್ಷದ ಪಿಡುಗು. ಕೇರಳದಲ್ಲಿ ಇದಕ್ಕೆ ಮಹಾಳಿ ಎಂಬ ಹೆಸರಿದೆ. 'ಕೊಳೆರೋಗ' ಎಂಬ ಕನ್ನಡ ಪದವನ್ನೇ ಇಂಗ್ಲಿಷಿನ ಸಸ್ಯರೋಗಶಾಸ್ತ್ರವೂ ಸ್ವೀಕರಿಸಿದೆ. ಕಾಫಿ ಗಿಡದ ಎಲೆಗಳನ್ನು ಕಪ್ಪಾಗಿಸುವ ಮತ್ತೊಂದು ರೋಗಕ್ಕೂ ಇದೇ ಹೆಸರಿರುವುದುಂಟು. ಆದರೆ ಅದನ್ನು ಉಂಟುಮಾಡುವ ಜೀವಿ ಬೇರೆ.

ಕಾರಣ

ಈ ರೋಗವನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದವರಲ್ಲಿ ಲೆಸ್ಲಿ ಸಿ. ಕೋಲ್ಮನ್ ಪ್ರಮುಖರು. ಕೆನಡಾ ದೇಶದ ಇವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, 1910ರಲ್ಲಿ ಕೊಳೆರೋಗದ ಕುರಿತಾದ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಅವರು ಗುರುತಿಸಿದ ರೋಗಾಣುವಿಗೆ ಮುಂದೆ ಫೈಟಾಫ್ತೊರಾ ಅರೆಕೆ ಎಂಬ ಹೆಸರು ಬಂದಿತು. ಈಚಿನ ಅಧ್ಯಯನಗಳಲ್ಲಿ ಫೈಟಾಫ್ತೊರಾ ಮೀಡಿಯೈ ಎಂಬ ಪ್ರಭೇದವೂ ಕಂಡುಬಂದಿದೆ. ನೋಡಲು ಬೂಷ್ಟಿನಂತಿದ್ದರೂ ಇದು ನಿಜವಾದ ಶಿಲೀಂಧ್ರವಲ್ಲ. ಊಮೈಸೀಟ್ ಎಂಬ ಪ್ರತ್ಯೇಕ ಗುಂಪಿಗೆ ಸೇರಿದ್ದು. ಇದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಕಾಯಿಯ ಮೇಲೆ ನಿಂತ ತೆಳುವಾದ ನೀರಿನ ಪೊರೆಯೇ ಅವುಗಳಿಗೆ ಸಾಕು. ಎಡೆಬಿಡದ ಮಳೆ, ನಡುನಡುವೆ ಇಣುಕುವ ಬಿಸಿಲು, ತಂಪು ಹವೆ, ಗಾಳಿಯಾಡದ ದಟ್ಟ ತೋಟ ಇವು ಕೂಡಿದಾಗ ರೋಗವು ಮಳೆಯ ಸಿಡಿತ ಹಾಗೂ ಗಾಳಿಯ ಮೂಲಕ ಮರದಿಂದ ಮರಕ್ಕೆ ಹಬ್ಬುತ್ತದೆ.

ಲಕ್ಷಣಗಳು

ಸಾಮಾನ್ಯವಾಗಿ ಮುಂಗಾರು ಹಿಡಿದ ಎರಡು ಮೂರು ವಾರಗಳಲ್ಲಿ ಮೊದಲ ಚಿಹ್ನೆಗಳು ತೋರುತ್ತವೆ. ಕಾಯಿಯ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂತಹ ಕಡುಹಸಿರು ಕಲೆ ಮೂಡಿ, ಕ್ರಮೇಣ ಕೆಳಕ್ಕೆ ಹರಡುತ್ತದೆ. ಕಾಯಿ ತನ್ನ ಸಹಜವಾದ ಹೊಳಪನ್ನು ಕಳೆದುಕೊಂಡು ಉದುರುತ್ತದೆ. ಬುಡದಲ್ಲಿ ಬಿದ್ದ ಕಾಯಿಗಳ ಮೇಲೆ ಕೆಲವೇ ದಿನಗಳಲ್ಲಿ ಹತ್ತಿಯಂತಹ ಬಿಳಿಯ ಬೂಷ್ಟು ಆವರಿಸುತ್ತದೆ. ಇಂತಹ ಕಾಯಿಯ ಅಡಿಕೆ ಹಗುರವಾಗಿದ್ದು ಮಾರುಕಟ್ಟೆಯಲ್ಲಿ ಬೆಲೆ ಬಾಳುವುದಿಲ್ಲ. ಮಳೆಗಾಲದ ಕೊನೆಯಲ್ಲಿ ಸೋಂಕು ತಗುಲಿದರೆ ಕಾಯಿಗಳು ಉದುರದೆ ಗೊನೆಯಲ್ಲಿಯೇ ಕೊಳೆತು ಒಣಗಿ ನೇತಾಡುತ್ತವೆ. ರೋಗವು ಮರದ ತಲೆಗೆ ಏರಿದರೆ ಸುಳಿ ಕೊಳೆತು ಇಡೀ ಮರವೇ ಸಾಯುತ್ತದೆ. ಕಾಯಿ ಹೋದರೆ ಒಂದು ವರ್ಷದ ಫಸಲು ಹೋದಂತೆ. ಸುಳಿ ಹೋದರೆ ಹಲವು ವರ್ಷಗಳ ಆರೈಕೆಯೇ ವ್ಯರ್ಥ.

ಕಾಯಿ ಉದುರುವುದೆಲ್ಲವೂ ಕೊಳೆರೋಗವಲ್ಲ. ಬೇಸಿಗೆಯಲ್ಲಿ ಹಿಂಗಾರ ಒಣಗಿ ಎಳೆಯ ಮಿಡಿಗಳು ಉದುರುವುದು ಬೇರೊಂದು ಶಿಲೀಂಧ್ರದಿಂದ. ಉದುರಿದ ಎಳೆಗಾಯಿಯ ಮೇಲೆ ಸೂಜಿ ಚುಚ್ಚಿದಂತಹ ಗುರುತಿದ್ದರೆ ಅದು ರಸ ಹೀರುವ ತಿಗಣೆಯ ಕೆಲಸ. ಕಾಯಿ ಅಕಾಲದಲ್ಲಿ ಹಳದಿಯಾಗಿ ಸೀಳುವುದಕ್ಕೆ ನೀರು ಬಸಿಯದಿರುವುದು ಅಥವಾ ಪೊಟ್ಯಾಶ್ ಕೊರತೆ ಕಾರಣವಾಗಿರಬಹುದು. ಇವುಗಳಿಗೆ ಬೋರ್ಡೋ ಸಿಂಪಡಿಸಿ ಹಣ ಕಳೆಯುವುದಕ್ಕಿಂತ, ಬಿದ್ದ ನಾಲ್ಕು ಕಾಯಿಗಳನ್ನು ಹೆಕ್ಕಿ ತೊಟ್ಟಿನ ಭಾಗವನ್ನು ಪರೀಕ್ಷಿಸುವುದು ಲೇಸು.

ಬೋರ್ಡೋ ದ್ರಾವಣ

ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ, ದಾರಿಹೋಕರು ದ್ರಾಕ್ಷಿ ಕದಿಯದಂತೆ ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಎರಚುವ ರೂಢಿಯಿತ್ತು. ಆ ಬಳ್ಳಿಗಳಿಗೆ ಬೂಜುರೋಗ ತಗುಲದಿದ್ದುದನ್ನು ಗಮನಿಸಿದ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಈ ಮಿಶ್ರಣವನ್ನು ಪ್ರಚಾರಕ್ಕೆ ತಂದರು. ದ್ರಾಕ್ಷಿಯ ಆ ರೋಗಾಣುವೂ ಕೊಳೆರೋಗದ ರೋಗಾಣುವಿನ ಗುಂಪಿಗೇ ಸೇರಿದೆ.

ಅಡಿಕೆಗೆ ಬಳಸುವುದು ಶೇ. 1ರ ದ್ರಾವಣ. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು; 1 ಕಿಲೋ ಒಳ್ಳೆಯ ಸುಣ್ಣವನ್ನು ಬೇರೆ ಪಾತ್ರೆಯಲ್ಲಿ 50 ಲೀಟರ್ ನೀರಿನಲ್ಲಿ ಕದಡಿ ಸೋಸಬೇಕು. ಬಳಿಕ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು. ತುತ್ತವು ಕಬ್ಬಿಣವನ್ನು ತಿನ್ನುವುದರಿಂದ ಪ್ಲಾಸ್ಟಿಕ್ ಅಥವಾ ಮರದ ಪಾತ್ರೆಯೇ ಆಗಬೇಕು. ಸಿದ್ಧವಾದ ತಿಳಿನೀಲಿ ದ್ರಾವಣದಲ್ಲಿ ಹೊಳೆಯುವ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿದಾಗ ಅದರ ಮೇಲೆ ಕೆಂಪು ತಾಮ್ರದ ಲೇಪ ಕಂಡರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸೇರಿಸಬೇಕು. ದ್ರಾವಣವನ್ನು ಅಂದೇ ಬಳಸಿ ಮುಗಿಸಬೇಕು. ಮಳೆಗೆ ತೊಳೆದುಹೋಗದಂತೆ ಅಂಟು ಬೆರೆಸುವ ಪದ್ಧತಿಯಿದೆ.

ಬೋರ್ಡೋ ರೋಗ ತಡೆಯುವ ಔಷಧವೇ ಹೊರತು ವಾಸಿಮಾಡುವ ಔಷಧವಲ್ಲ. ಕಾಯಿಯ ಮೇಲೆ ಕುಳಿತ ತಾಮ್ರದ ಲೇಪವು ಬೀಜಾಣು ಮೊಳೆಯದಂತೆ ಮಾಡುತ್ತದೆ. ಒಳಹೊಕ್ಕ ರೋಗವನ್ನು ಅದು ಮುಟ್ಟುವುದಿಲ್ಲ. ಆದ್ದರಿಂದ ಮೊದಲ ಸಿಂಪಡಣೆ ಮುಂಗಾರಿಗೆ ಮುನ್ನ, ಅಂದರೆ ಮೇ ಕೊನೆ ಅಥವಾ ಜೂನ್ ಮೊದಲಲ್ಲಿ, ಮುಗಿದಿರಬೇಕು. ಎರಡನೆಯದು 40–45 ದಿನಗಳ ಬಳಿಕ. ಮಳೆ ಮುಂದುವರಿದರೆ ಮೂರನೆಯದೂ ಬೇಕಾಗಬಹುದು. ಎಲ್ಲ ಗೊನೆಗಳೂ ಪೂರ್ತಿ ತೊಯ್ಯಬೇಕು.

ಹೇಳುವಷ್ಟು ಸುಲಭವಲ್ಲ ಇದು. ಎಲ್ಲ ತೋಟಗಳಿಗೂ ಅವೇ ಕೆಲವು ದಿನಗಳಲ್ಲಿ ಮರವೇರುವವರು ಬೇಕು. ಮಲೆನಾಡಿನಲ್ಲಿ ಕೊನೆಗೌಡರೆಂದು ಕರೆಯಲ್ಪಡುವ ಈ ಕುಶಲಿಗಳ ಸಂಖ್ಯೆ ಕಡಿಮೆಯಾಗುತ್ತಿದೆ. ಎರಡನೆಯ ಸಿಂಪಡಣೆಗಂತೂ ಮಳೆಯ ಬಿಡುವನ್ನು ಕಾಯಬೇಕು; ನೆನೆದ ಮರ ಜಾರುತ್ತದೆ. ಸಿಂಪಡಿಸುವವರ ಕಣ್ಣು, ಚರ್ಮಗಳಿಗೆ ರಕ್ಷಣೆ ಅಗತ್ಯ. ನೆಲದಿಂದಲೇ ಸಿಂಪಡಿಸಲು ಅನುಕೂಲವಾದ ಕಾರ್ಬನ್ ಫೈಬರ್ ದೋಟಿಗಳು ಈಗ ಬಳಕೆಗೆ ಬಂದಿವೆ.

ಇತರ ಕ್ರಮಗಳು

ಔಷಧ ಬರುವ ಮೊದಲು ಗೊನೆಗಳಿಗೆ ಹಾಳೆ ಅಥವಾ ಹುಲ್ಲಿನ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಕಾಯುತ್ತಿದ್ದರು. ಇಂದು ಅದೇ ಉಪಾಯ ಪ್ಲಾಸ್ಟಿಕ್ ಹೊದಿಕೆಯ ರೂಪದಲ್ಲಿ ಉಳಿದಿದೆ. ಮಳೆಗೆ ಮೊದಲೇ ಬಸಿಗಾಲುವೆಗಳನ್ನು ಬಿಡಿಸಬೇಕು. ತಾಮ್ರವು ಮಣ್ಣಿನಲ್ಲಿ ಸಂಗ್ರಹವಾಗುವುದರಿಂದ ಅನಗತ್ಯವಾಗಿ ಸಿಂಪಡಣೆಗಳನ್ನು ಹೆಚ್ಚಿಸುವುದು ಯುಕ್ತವಲ್ಲ. ಉದುರಿದ ಕಾಯಿಗಳಲ್ಲಿಯೂ, ಮರದಲ್ಲಿಯೇ ಒಣಗಿ ಉಳಿದ ಗೊನೆಗಳಲ್ಲಿಯೂ, ಸುಳಿ ಕೊಳೆತು ಸತ್ತ ಮರಗಳ ತಲೆಗಳಲ್ಲಿಯೂ ರೋಗಾಣು ಮುಂದಿನ ಮಳೆಗಾಲದವರೆಗೆ ಬದುಕಿರಬಲ್ಲದು. ಇವನ್ನು ತೆಗೆದು, ತೋಟದ ಹೊರಗೆ ಸುಡುವ ಕೆಲಸ ಮಳೆ ನಿಂತೊಡನೆ ಆಗಬೇಕು.