ೞಕಾರದ ಹೆಸರು ಕೆಟ್ಟ ಕಥೆ

ಕಡೂರಿನಲ್ಲಿ 971ನೇ ಇಸವಿಯ ಒಂದು ಶಾಸನ ಸಿಕ್ಕಿದೆ. ಗಂಗರ ಬೂತುಗನ ಅಕ್ಕ ಪಾಂಬಬ್ಬೆ ತಲೆಗೂದಲು ಕಿತ್ತು 30 ವರ್ಷ ತಪಸ್ಸು ಮಾಡಿದಳು ಅನ್ನುತ್ತೆ ಅದು. ಬಿ.ಎಲ್. ರೈಸ್ 1901ರಲ್ಲಿ ಕಡೂರು ಜಿಲ್ಲೆಯ ಶಾಸನಗಳ ಸಂಪುಟ ಅಚ್ಚು ಹಾಕಿಸಿದರು. (ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ನಮ್ಮೂರಿನದೇ ಹೆಸರು, ಹೇಳದೆ ಇರೋಕಾಗಲ್ಲ.)

ಆ ಕಾಲದ ಕನ್ನಡವನ್ನು ಕಂಪ್ಯೂಟರಿಗೆ ಏರಿಸಬೇಕಂದ್ರೆ ೞ ಬೇಕೇ ಬೇಕು. ನಮ್ಮ ಮಳೆ ಅವರಿಗೆ ಮೞೆ. ಯೂನಿಕೋಡ್‌ನಲ್ಲಿ ಈ ಅಕ್ಷರಕ್ಕೆ ಜಾಗವೇನೋ ಸಿಕ್ಕಿದೆ, ಆದರೆ ಇಂಗ್ಲಿಷಿನಲ್ಲಿ ಇಟ್ಟಿರೋ ಹೆಸರು 'ಕನ್ನಡ ಲೆಟರ್ ಎಫ್‌ಎ'! ೞಕ್ಕೂ ಫಕ್ಕೂ ಏನು ಸಂಬಂಧ? ತಪ್ಪು ಅಂತ ಅವರೂ ಒಪ್ಪಿದ್ದಾರೆ. ಆದರೆ ಒಮ್ಮೆ ಇಟ್ಟ ಹೆಸರು ಬದಲಿಸೋ ಹಾಗಿಲ್ಲ ಅನ್ನೋದು ಅಲ್ಲಿಯ ನಿಯಮ. ಪಕ್ಕದಲ್ಲೊಂದು ಟಿಪ್ಪಣಿ ಹಾಕಿ ಬಿಟ್ಟಿದ್ದಾರೆ.

ಮುಕ್ತ ಫಾಂಟುಗಳ ಕಥೆ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಕೇದಗೆ' ಬಂದದ್ದು ಜಿಪಿಎಲ್ ಪರವಾನಗಿಯಲ್ಲಿ. ರಿಚರ್ಡ್ ಸ್ಟಾಲ್ಮನ್ 1989ರಲ್ಲಿ ಹೊರತಂದ ಆ ಪರವಾನಗಿಯ ಪ್ರಕಾರ ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಹಂಚುವಾಗ ಅದೇ ಹಕ್ಕನ್ನ ಮುಂದಿನವರಿಗೂ ಕೊಡಬೇಕು, ಅಷ್ಟೇ. ಒತ್ತಕ್ಷರ ಜಾರಿದ್ರೆ ಸರಿಮಾಡಿ ಕಳಿಸಬಹುದು.

ನನ್ನಂಥ ಬಿಇ ಓದಿದವರಿಗೆ ಕೋಡ್ ಕಷ್ಟವಲ್ಲ. ೞದ ಡೊಂಕು ಎಲ್ಲಿ ಬರಬೇಕು ಅನ್ನೋದು ಕಷ್ಟ. ಅದು ಗೊತ್ತಿರೋದು ಶಾಸನ ಓದುವ ಮೇಷ್ಟ್ರಿಗೆ, ಅವರೋ 'ನಮಗೆ ಕಂಪ್ಯೂಟರ್ ಬರಲ್ಲಪ್ಪ' ಅಂತ ಸುಮ್ಮನಿರ್ತಾರೆ. ಮೇಷ್ಟ್ರೇ, ಕಲ್ಲಿನ ಒಂದು ಫೋಟೋ, 'ಇಲ್ಲಿ ಹೀಗೆ ತಿರುಗಬೇಕು' ಅಂತ ಎರಡು ಸಾಲು, ಇಷ್ಟು ಕೊಡಿ. ಉಳಿದದ್ದು ನಾವು ನೋಡ್ಕೋತೀವಿ.